ಹದ್ದಿನ ಕಣ್ಣೀರು

ಕಟ್ಟಡಗಳ ನಕ್ಷೆ ಬರೆಯುವ ಆ ಕಚೇರಿಯಲ್ಲಿ ಅವನನ್ನು ಎಲ್ಲರೂ ಹದ್ದು ಎಂದೇ ಕರೆಯುತ್ತಿದ್ದರು. ಕಂಪ್ಯೂಟರಿನ ಪರದೆಯ ಮೇಲೆ ಗೆರೆಯೊಂದು ಕೂದಲೆಳೆಯಷ್ಟು ಸರಿದಿದ್ದರೂ ಹಿಡಿಯುತ್ತಿದ್ದವನು ಅವನೊಬ್ಬನೇ. ಆ ಹೆಸರಿನ ಮೇಲೆ ಅವನಿಗೆ ಮೀಸೆಯ ಮೇಲಿದ್ದಷ್ಟೇ ಅಭಿಮಾನ.

ಆಸ್ಪತ್ರೆಯೊಂದರ ನಕ್ಷೆ ಮುಗಿಸುವ ಭರದಲ್ಲಿ ವಾರವಿಡೀ ರೆಪ್ಪೆ ಮಿಟುಕಿಸದೆ ಕೂತಿದ್ದ. ಅವತ್ತು ಕಣ್ಣು ಕೆಂಡದಂತೆ ಕೆಂಪಾಗಿ, ಕೆಟ್ಟ ನಲ್ಲಿಯ ಹಾಗೆ ಸುರಿಯತೊಡಗಿತು. ನಕ್ಷೆಯ ಒಂದು ಬಾಗಿಲು ಎರಡಾಗಿ ಕಂಡಿತು.

"ಡಾಕ್ಟರಿಗೆ ತೋರಿಸಿ, ಕನ್ನಡಕ ಹಾಕ್ಕೊಳ್ರೀ," ಎಂದು ಹೆಂಡತಿ ಬೆಳಗ್ಗೆಯೇ ಹೇಳಿದ್ದಳು.

"ಹದ್ದು ಕನ್ನಡಕ ಹಾಕಿದ್ದನ್ನ ಎಲ್ಲಾದ್ರೂ ನೋಡಿದ್ದೀಯಾ?" ಎಂದು ಗತ್ತಿನಿಂದ ಹೊರಟು ಬಂದಿದ್ದ.

ಪಕ್ಕದ ಮೇಜಿನ ಟೈಪಿಸ್ಟಮ್ಮ ಬಗ್ಗಿ ನೋಡಿದರು. "ಅಯ್ಯೋ, ಅಳ್ತಾ ಇದ್ದೀರಾ? ಸಾಹೇಬ್ರು ವರ್ಗ ಆಗಿ ಹೋಗ್ತಿದ್ದಾರೆ ಅಂತಾನಾ?"

ಅಂದು ಸಂಜೆ ಸಾಹೇಬರ ಬೀಳ್ಕೊಡುಗೆ. ವರ್ಷಗಟ್ಟಲೆ ಅವರ ಕಾಟ ಉಂಡ ಕಚೇರಿಗೆ ಒಳಗೊಳಗೇ ಹಿಗ್ಗು. ಆದರೆ ಕಣ್ಣು ಕೆಟ್ಟಿದೆ ಎಂದರೆ ಹದ್ದಿನ ಹೆಸರು ಮಣ್ಣುಪಾಲು. ಅವನು ಗಂಭೀರವಾಗಿ ತಲೆಯಾಡಿಸಿದ.

"ಏನೋಪ್ಪ, ಕರುಳು ಚುರುಕ್ ಅನ್ನುತ್ತೆ."

ಮಾತು ಮೇಜಿನಿಂದ ಮೇಜಿಗೆ ಹಾರಿತು. ಲೆಕ್ಕದ ಗುಮಾಸ್ತ ನೀರು ತಂದುಕೊಟ್ಟ. ಜವಾನ ಬೆನ್ನು ಸವರಿದ. "ಸಮಾಧಾನ ಮಾಡ್ಕೊಳ್ಳಿ ಸಾರ್. ಆದ್ರೂ, ಅವರು ಜಾಸ್ತಿ ಬೈದಿದ್ದು ನಿಮಗೇ ಅಲ್ವಾ?" ಉಜ್ಜಿದಷ್ಟೂ ಕಣ್ಣು ಉಕ್ಕುತ್ತಿತ್ತು.

ಸಂಜೆಯ ಸಭೆಯಲ್ಲಿ ಎಲ್ಲರೂ ಸುಳ್ಳುಸುಳ್ಳೇ ಸಪ್ಪೆ ಮುಖ ಮಾಡಿಕೊಂಡು ಕೂತಿದ್ದರೆ, ಅವನೊಬ್ಬನ ಕೆನ್ನೆ ತೊಯ್ದು ತೊಪ್ಪೆಯಾಗಿತ್ತು. ಭಾಷಣಕ್ಕೆ ಎದ್ದ ಸಾಹೇಬರು ಅವನನ್ನು ಕಂಡು ತಡವರಿಸಿದರು. ಹೂಗುಚ್ಛವನ್ನು ಮೇಜಿನ ಮೇಲಿಟ್ಟು, ಫೋನ್ ಹಿಡಿದು ಹೊರಗೆ ಹೋದವರು ಸ್ವಲ್ಪ ಹೊತ್ತಿಗೆ ಮೂಗು ಏರಿಸುತ್ತಾ ಬಂದರು.

"ನನ್ನ ಸರ್ವೀಸಲ್ಲಿ ಇಲ್ಲೀತನಕ ನನಗೋಸ್ಕರ ಯಾರೂ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಇಂಥವನನ್ನ ಬಿಟ್ಟು ಹ್ಯಾಗೆ ಹೋಗ್ಲಿ? ಫೋನಲ್ಲೇ ದೊಡ್ಡ ಸಾಹೇಬ್ರ ಕಾಲು ಹಿಡ್ಕೊಂಡೆ. ಅಲ್ಲಿಗೆ ನನ್ನ ಬದಲು ಬೇರೆಯವರನ್ನ ಕಳಿಸ್ತಾರಂತೆ. ನಾನು ಇಲ್ಲೇ ಇರ್ತೀನಿ."

ಟೈಪಿಸ್ಟಮ್ಮ ಸೆರಗನ್ನು ಕಣ್ಣಿಗೆ ಒತ್ತಿಕೊಂಡರು. ನೋಡನೋಡುತ್ತಿದ್ದಂತೆ ಇಡೀ ಕಚೇರಿಯೇ ಕಣ್ಣೊರೆಸಿಕೊಂಡಿತು.

"ನೋಡು, ಎಲ್ಲರಿಗೂ ಎಷ್ಟು ಸಂತೋಷ," ಎಂದು ಸಾಹೇಬರು ಅವನ ಹೆಗಲು ತಟ್ಟಿದರು. "ನಾಳೆಯಿಂದ ನಿನ್ನ ಕಂಪ್ಯೂಟರು ನನ್ನ ಕೋಣೇಲೇ ಇರ್ಲಿ. ಇನ್ಮೇಲೆ ಎಲ್ಲರ ನಕ್ಷೇನೂ ನೀನೇ ನೋಡ್ಬೇಕು. ನಿನ್ನಂಥ ಕಣ್ಣು ಇನ್ಯಾರಿಗಿದೆ?"

"ಅದೂ ನಿಜವೇ ಸಾರ್," ಎಂದು ಅವನು ಎದೆಯುಬ್ಬಿಸಿ, ಸಾಹೇಬರೆಂದುಕೊಂಡು ಜವಾನನ ಕೈ ಕುಲುಕಿದ.