ಬೊಳ್ಳಿಯ ಬಾಟ್ಲಿ

ಕುಲಶೇಖರದ ದುಗ್ಗಪ್ಪನ ದನ ಬೊಳ್ಳಿ ಒಂದು ಬೆಳಿಗ್ಗೆ ಕಾಫಿ ಡಿಕಾಕ್ಷನ್ನಿನ ಬಣ್ಣದ ಮೂತ್ರ ಹೊಯ್ಯಿತು. ದನ ಹೆಂಡತಿ ಹೇಮಾಕ್ಷಿಯ ತವರಿನಿಂದ ಬಂದದ್ದು. ಗಂಡ ಟೈಫಾಯ್ಡ್‌ನಲ್ಲಿ ಮಲಗಿದ್ದಾಗಲೂ ಅಳದವಳು ಈಗ ಹಟ್ಟಿಯ ಬಾಗಿಲಲ್ಲಿ ಕೂತು ಅತ್ತಳು.

ಬೇಲಿಯಾಚೆಯ ರೊಸಾಲಿನ್ ಬಾಯಿ, "ದಾಸವಾಳ ತಿಂದಿರಬೇಕು" ಎಂದರು. ದನದ ವ್ಯಾಪಾರದಲ್ಲಿ ಪಳಗಿದ ಮೊಯ್ದೀನಬ್ಬ ಬೊಳ್ಳಿಯ ಕಿವಿ ಮಗುಚಿದರು. ಒಳಗೆ ಉಣ್ಣಿಗಳು ನೆನೆಸಿದ ಕಡಲೆಯ ಹಾಗೆ ಉಬ್ಬಿ ಕೂತಿದ್ದವು.

"ಇದು ಉಣ್ಣಿ ಕಚ್ಚಿ ರಕ್ತಕ್ಕೆ ಇಳಿದ ರೋಗ ಮಾರಾಯ. ಮೂತ್ರ ಹಿಡಿದುಕೊಂಡು ದನದ ಆಸ್ಪತ್ರೆಗೆ ಓಡು. ತಡ ಮಾಡಿದರೆ ದನ ಉಳಿಯುವುದಿಲ್ಲ."

ರೊಸಾಲಿನ್ ಬಾಯಿ ತೀರಿಹೋದ ಗಂಡನ ನೆನಪಿಗೆಂದು ಇಟ್ಟುಕೊಂಡಿದ್ದ ಖಾಲಿ ಬ್ರಾಂದಿ ಬಾಟ್ಲಿಯನ್ನು ಉದಾರವಾಗಿ ಕೊಟ್ಟರು. ದುಗ್ಗಪ್ಪ ಬೀದಿ ನಲ್ಲಿಯಲ್ಲಿ ನೀರಿಗೆ ಕಾಯುವವನಂತೆ ಬೊಳ್ಳಿಯ ಹಿಂದೆ ಬಗ್ಗಿ ನಿಂತು ಬಾಟ್ಲಿ ತುಂಬಿಸಿಕೊಂಡ.

ಅದು ಪಾನನಿರೋಧದ ಕಾಲ. ಕಂಕನಾಡಿಯಲ್ಲಿ ಪೊಲೀಸನೊಬ್ಬ ಅಡ್ಡ ನಿಂತ.

"ಎಂತ ಇದು?"

"ದನದ ಮೂತ್ರ ಸ್ವಾಮಿ."

"ನಿನ್ನೆ ಸಿಕ್ಕಿದವನು ಗಂಗಾಜಲ ಎಂದಿದ್ದ." ಪೊಲೀಸ ಬಿರಡೆ ತೆಗೆದು, ಬೆರಳದ್ದಿ ನಾಲಗೆಗಿಟ್ಟು, ಸ್ವಲ್ಪ ಹೊತ್ತು ಯೋಚಿಸಿದ. "ಹುಳಿ ಬಂದಿದೆ. ನಡಿ ಠಾಣೆಗೆ."

ಠಾಣೆಯಲ್ಲಿ ಇನ್‌ಸ್ಪೆಕ್ಟರು ಬಾಟ್ಲಿಯನ್ನು ಬೆಳಕಿಗೆ ಹಿಡಿದರು, ಮೂಸಿದರು, ಬೊಳ್ಳಿಯ ಕತೆಯನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡರು. ಆಸ್ಪತ್ರೆಯಲ್ಲಿ ಇದನ್ನು ತೋರಿಸಿದರೆ ಸಾಕಾ ಎಂದೂ ವಿಚಾರಿಸಿದರು.

"ಪರೀಕ್ಷೆ ಆಗಬೇಕು. ನಾನು ಬರುವ ತನಕ ಕೂತಿರು" ಎಂದು ಬಾಟ್ಲಿ ಹಿಡಿದು ತಾವೇ ಜೀಪು ಹತ್ತಿದರು.

ಮಧ್ಯಾಹ್ನ ಪ್ರಸನ್ನರಾಗಿ ಮರಳಿದರು. "ಶರಾಬು ಅಲ್ಲ. ನೀನು ಹೋಗಬಹುದು."

"ಬಾಟ್ಲಿ ಸ್ವಾಮಿ?"

"ಅದು ಪರೀಕ್ಷೆಗೆ ಖರ್ಚಾಯಿತು."

ದುಗ್ಗಪ್ಪ ಬರಿಗೈಯಲ್ಲೇ ಆಸ್ಪತ್ರೆಗೆ ಓಡಿದ. ಡಾಕ್ಟರು ಸೋಪು ಹಚ್ಚಿ ಕೈ ತೊಳೆಯುತ್ತಿದ್ದರು. ವಿಷಯ ಕೇಳಿ ಅವರಿಗೂ ಬೇಸರವಾಯಿತು.

"ಸ್ವಲ್ಪ ಮೊದಲು ಬರಬಾರದಿತ್ತಾ? ಆ ಇಂಜೆಕ್ಷನ್ ಒಂದೇ ಇತ್ತು. ಇನ್‌ಸ್ಪೆಕ್ಟರರ ಮನೆಯ ದನಕ್ಕೆ ಕೊಟ್ಟು ಈಗಷ್ಟೇ ಬಂದೆ. ಎರಡು ದಿನದಿಂದ ಅದು ಹುಲ್ಲು ಮುಟ್ಟಿಲ್ಲವಂತೆ. ಹೆಂಡತಿಯ ಕಾಟ ತಡೆಯಲಾರದೆ ಪಾಪ, ಅದರ ಮೂತ್ರ ತಾವೇ ಹಿಡಿದು ಜೀಪಿನಲ್ಲಿ ತಂದಿದ್ದರು. ನೋಡಿದರೆ ದನ ಗಟ್ಟಿಯಾಗಿಯೇ ಉಂಟು. ಆದರೆ ಅಷ್ಟು ಕೆಂಪು ಮೂತ್ರ ಕಂಡ ಮೇಲೆ ಸುಮ್ಮನಿರಲಿಕ್ಕೆ ಆಗುತ್ತದಾ?"

"ಡಾಕ್ಟ್ರೇ, ಅದು ನಮ್ಮ ಬೊಳ್ಳಿಯದ್ದು."

"ಪೊಲೀಸರ ಮೇಲೆ ಹಾಗೆಲ್ಲ ಹೇಳಬಾರದು." ಡಾಕ್ಟರು ಕೈ ಒರೆಸಿಕೊಂಡರು. "ಬೊಂಬಾಯಿಯಿಂದ ಬರುವ ವಾರ ಮದ್ದು ಬರುತ್ತದೆ."

"ಅಷ್ಟರವರೆಗೆ ದನ ತಡೆಯುತ್ತದಾ?"

"ಉಣ್ಣಿ ತೆಗೆದು ನೆರಳಲ್ಲಿ ಕಟ್ಟು, ನೋಡುವ. ಆದರೆ ನಿನ್ನ ದನದ್ದು ಅದೇ ರೋಗ ಎಂದು ನನಗೂ ಗೊತ್ತಾಗಬೇಕಲ್ಲ. ಮೂತ್ರ ತಂದಿದ್ದೀಯಾ?"