ಅತ್ತೆಯ ಗಂಜಿಗೊಂದು ಪಿಚಕಾರಿ

ನಿಮ್ಮ ಮನೆಯಲ್ಲೂ ಹೀಗಾಗಿದೆಯೇ, ಹೇಳಿ. ಈ ಮನುಷ್ಯರ ಬಾಯಿ ಒಂದು ಗಳಿಗೆ ಮುಚ್ಚಿದ್ದರೆ ಸಾಕಪ್ಪಾ ಎಂದು ವರ್ಷಗಟ್ಟಲೆ ಅಂದುಕೊಂಡಿದ್ದು, ಅದು ನಿಜವಾಗಿಯೂ ಮುಚ್ಚಿಕೊಂಡ ದಿನ ಹೇಗಾದರೂ ತೆರೆಸಪ್ಪಾ ಎಂದು ದೇವರ ಮುಂದೆ ತುಪ್ಪದ ದೀಪ ಹಚ್ಚಿದ್ದೀರಾ? ನಾನು ಹಚ್ಚಿದ್ದೇನೆ. ಅತ್ತೆಯ ಮೇಲೆ ಪ್ರೀತಿಯೋ ಎಂದು ಕೇಳಬೇಡಿ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಅದು ಪ್ರೀತಿಯೋ ಅಭ್ಯಾಸವೋ ಎಂದು ಬಿಡಿಸಿ ನೋಡುವಷ್ಟು ಪುರುಸೊತ್ತು ಯಾವ ಸೊಸೆಗೂ ಇರುವುದಿಲ್ಲ.

ಆದದ್ದು ಇಷ್ಟು. ನಮ್ಮ ಅತ್ತೆಯವರು ಬಚ್ಚಲಿನಲ್ಲಿ ಹಂಡೆಗೆ ಉರಿ ಹಾಕಲು ಹೋಗಿ ಜಾರಿ ಬಿದ್ದು, ಒಲೆಯ ಕಟ್ಟೆಗೆ ಗದ್ದ ಬಡಿಸಿಕೊಂಡರು. ದವಡೆ ಬಿರುಕು ಬಿಟ್ಟಿತ್ತು. ಹಲ್ಲಿನ ಡಾಕ್ಟರು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಸುತ್ತಿ ಬಿಗಿದು, ಮೂಳೆ ಕೂಡುವ ತನಕ ಬಿಚ್ಚುವ ಹಾಗಿಲ್ಲ ಎಂದರು. ಎಡಗಡೆ ಒಂದು ಹಲ್ಲು ಮೊದಲೇ ಬಿದ್ದುಹೋಗಿದ್ದರಿಂದ ಅಲ್ಲೊಂದು ಸಂದಿ ಉಳಿದಿತ್ತು. “ಆ ಸಂದೀಲೇ ಗಂಜಿ ಹೋಗ್ಲಿ. ಬರೀ ಹಾಲು ಮಜ್ಜಿಗೆ ಸಾಲಲ್ಲ, ಗಟ್ಟಿಯಾಗಿರ್ಬೇಕು. ಮುಂದಿನ ವಾರ ಬರೋ ಹೊತ್ತಿಗೆ ತೂಕ ಇನ್ನೂ ಇಳಿದುಹೋಗಿದ್ರೆ, ಆಸ್ಪತ್ರೆಗೆ ಸೇರಿಸಿ ಮೂಗಿಂದ ನಳಿಕೆ ಹಾಕ್ಬೇಕಾಗತ್ತೆ ನೋಡಿ.”

ಅತ್ತೆಯವರು ಹೋಟೆಲಿನ ಕಾಫಿಯನ್ನೂ ಬಾಯಿಗೆ ಬಿಟ್ಟುಕೊಂಡವರಲ್ಲ. ಜಯನಗರದ ಈ ಮನೆಗೆ ಬಂದ ಹೊಸದರಲ್ಲಿ ನಲ್ಲಿ ನೀರು ಯಾವ ಯಾವ ಕೊಳವೆಯಲ್ಲಿ ಹಾದು ಬರುತ್ತದೋ ಎಂದು ಪಕ್ಕದ ಮನೆಯ ಬಾವಿಯಿಂದ ಸೇದಿಸಿ ಕುಡಿದವರು. ಅಂಥವರಿಗೆ ಯಾರೋ ಬೇಯಿಸಿದ್ದನ್ನು ಮೂಗಿನಲ್ಲಿ ಸುರಿಯುವುದೆಂದರೆ! ಕಚ್ಚಿದ ಹಲ್ಲಿನ ಸಂದಿಯಿಂದಲೇ, “ಅದಕ್ಕೆ ಮುಂಚೆ ನಾನು ಹೋಗ್ಬಿಡ್ತೀನಿ ಕಣೆ ಸಾವಿತ್ರಿ” ಅಂದರು. ಹೌದು, ಮಾತು ನಿಂತಿರಲಿಲ್ಲ. ತಂತಿ ಹಲ್ಲಿಗೆ ಕಟ್ಟಿದ್ದು, ನಾಲಿಗೆಗಲ್ಲ. ಆದರೆ ಮೊದಲಿನ ಜೋರಿರಲಿಲ್ಲ. ಬಯ್ಗುಳ ಅರ್ಧಕ್ಕೇ ಸುಸ್ತಾಗಿ ನಿಲ್ಲುತ್ತಿತ್ತು. ರವಿಕೆ ತೋಳಿನಲ್ಲಿ ಸಡಿಲವಾಗುತ್ತಿತ್ತು. ನನಗೆ ಭಯವಾದದ್ದು ಆಗ.

ಮೊದಲು ಬೆಳ್ಳಿ ಒಳಲೆ ತೆಗೆದೆ. ಮಕ್ಕಳಿಗೆಲ್ಲ ಅದರಲ್ಲೇ ಹಾಲು ಕುಡಿಸಿದ್ದು. ಹಾಲೇನೋ ಹೋಯಿತು, ರಾಗಿ ಗಂಜಿ ಸಂದಿಯ ಬಾಗಿಲಲ್ಲೇ ಕೂತು ಗದ್ದದ ಮೇಲೆ ಇಳಿಯಿತು. “ಇದ್ರಲ್ಲಿ ನಿನ್ನ ಗಂಡನಿಗೆ ಕುಡಿಸ್ದೋಳು ನಾನು. ಈಗ ನನಗೇ ಕುಡಿಸಕ್ಕೆ ಬಂದ್ಯಾ” ಎಂದು ಅತ್ತೆಯವರು ಗೋಡೆಯ ಕಡೆ ತಿರುಗಿಕೊಂಡರು.

ನಮ್ಮ ಯಜಮಾನರು ಆಫೀಸಿನಲ್ಲಿ ಹೆಡ್ ಕ್ಲಾರ್ಕು. ಯಾವ ಕಷ್ಟಕ್ಕೂ ಒಂದು ಸಲಕರಣೆ ಇದ್ದೇ ಇರುತ್ತದೆ, ಅದು ಇನ್ನೊಬ್ಬರ ಮನೆಯಲ್ಲಿರುತ್ತದೆ, ಕೇಳಿ ತಂದರಾಯಿತು ಎಂಬುದು ಅವರ ಸಿದ್ಧಾಂತ. ಹಿಂದಿನ ರಸ್ತೆಯ ಕಾಂಪೌಂಡರ್ ಹತ್ತಿರ ಇದ್ದುದರಲ್ಲಿ ದೊಡ್ಡ ಗಾಜಿನ ಸಿರಿಂಜು ತಂದು, ಸೂಜಿ ತೆಗೆದು, ಕುದಿಯುವ ನೀರಿಗೆ ಹಾಕಿದರು.

“ಅದು ಯಾರ್ಯಾರಿಗೆ ಚುಚ್ಚಿದ್ದೋ” ಅಂದರು ಅತ್ತೆ.

“ಸೂಜಿ ತೆಗ್ದಿದೀನಲ್ಲಮ್ಮ.”

“ಚುಚ್ಚಿದ ಕೈ ಅದನ್ನೇ ಹಿಡಿದಿತ್ತಲ್ಲೋ.”

ಮೊದಲು ಒತ್ತಿ ತೋರಿಸುತ್ತೇನೆ ಎಂದು ಯಜಮಾನರು ಗಂಜಿ ತುಂಬಿಸಿ ಹೆಬ್ಬೆರಳಿಟ್ಟರು. ಸಿರಿಂಜಿನ ಮೂತಿ ಸಾಸಿವೆ ಕಾಳಿನಷ್ಟು. ಒಂದು ಗಂಟು ಅಲ್ಲಿ ಸಿಕ್ಕಿಕೊಂಡಿತು. ಒತ್ತಿದರು, ಬರಲಿಲ್ಲ. ಹಲ್ಲು ಕಚ್ಚಿ ಒತ್ತಿದರು. ಎಲ್ಲವೂ ಒಟ್ಟಿಗೇ ಹಾರಿ ಗೋಡೆಯ ಮೇಲಿದ್ದ ನಮ್ಮ ಮಾವನವರ ಫೋಟೋಗೆ, ಸರಿಯಾಗಿ ಮೀಸೆಯ ಮೇಲೆ ಬಿತ್ತು. ಮಾವನವರು ಹೋಗಿ ಆಗಲೇ ಬಹಳ ಕಾಲವಾಗಿತ್ತು. ಅತ್ತೆಯವರು ಅದನ್ನು ನೋಡಿ, “ಅವರಿಗೆ ರಾಗಿ ಸೇರ್ತಿರ್ಲಿಲ್ಲ ಕಣೋ” ಅಂದರು. ನಗು ತಡೆಯಲಾರದೆ ದವಡೆ ನೋವಾಗಿ ಅತ್ತರು. ನಾವು ನಗಬೇಕೋ ಅಳಬೇಕೋ ತಿಳಿಯದೆ ಫೋಟೋ ಒರೆಸಿದೆವು.

ಮಾರನೆಯ ದಿನ ಯಜಮಾನರು ಸೈಕಲ್ ಶಾಪಿನಿಂದ ಗ್ರೀಸು ತುಂಬುವ ಗನ್ನು ತಂದರು. “ಸೀಮೆಎಣ್ಣೇಲಿ ಚೆನ್ನಾಗಿ ತೊಳಿಸಿದೀನಿ” ಅಂದರು, ಹೆಮ್ಮೆಯಿಂದ. ಅವರನ್ನೂ ಅದನ್ನೂ ಗೇಟಿನಿಂದಲೇ ಹಿಂದಕ್ಕೆ ಕಳಿಸಿದೆ.

ಆಗ ನೆನಪಾದದ್ದು ಸಾರಕ್ಕಿಯಿಂದ ಹಸು ಹೊಡೆದುಕೊಂಡು ಬಂದು ನಮ್ಮ ಗೇಟಿನ ಮುಂದೆ ಹಾಲು ಕರೆದುಕೊಡುವ ಮುನಿಯಪ್ಪ. ಹಸುವಿಗೆ ಕಾಯಿಲೆಯಾದಾಗ ಔಷಧಿಯ ಬಗ್ಗಡವನ್ನು ಪಿಚಕಾರಿಯಲ್ಲಿ ಹಾಕಿದೆ ಎಂದು ಅವನು ಹೇಳಿದ್ದ. ಕೇಳಿದರೆ ತಲೆ ಕೆರೆದುಕೊಂಡ.

“ಅಲ್ಲ ಅಮ್ಮಾವ್ರೇ, ಹಸಿನ ಬಾಯಿಗೆ ಇಟ್ಟಿದ್ದನ್ನ ದೊಡ್ಡಮ್ಮಾವ್ರಿಗೆ ಕೊಡಾದಾ?”

“ಮೆಲ್ಲಗೆ ಮಾತಾಡು ಮಾರಾಯ. ಹೊಸದು ಅಂತ ಹೇಳ್ತೀನಿ.”

ಕಿಟಕಿಯ ಒಳಗಿನಿಂದ ಧ್ವನಿ ಬಂತು: “ಏನೂ ಹೇಳ್ಬೇಡ. ಹಸುವಿನ ಬಾಯಿಗಿಟ್ಟಿದ್ದು ತಾನೆ, ಅದಕ್ಕೇನು ಮೈಲಿಗೆ. ಹುಣಸೇಹಣ್ಣು ಹಾಕಿ ಉಜ್ಜು.”

ಯಜಮಾನರಿಗೆ ಅವಮಾನವಾಯಿತು. “ಮನುಷ್ಯರದ್ದು ಆಗಲ್ಲ, ಹಸೂದು ಆಗತ್ತಾ?”

“ಹಸು ಹೋಟ್ಲಿಗೆ ಹೋಗತ್ತೇನೋ?”

ಹಿತ್ತಾಳೆಯ ಪಿಚಕಾರಿ ಬಂತು. ಮೂತಿ ಕಿರುಬೆರಳಿನಷ್ಟು ಅಗಲ. ಗಂಜಿ ಧಾರಾಳವಾಗಿ ಬರುವಂಥದ್ದು. ಹುಣಸೇಹಣ್ಣಿನಲ್ಲಿ ಉಜ್ಜಿ ಕುದಿಸುವುದಕ್ಕೆಂದು ಒಳಗಿನ ಕೋಲು ಎಳೆದರೆ ತುದಿಯಲ್ಲಿ ಕಪ್ಪಗೆ ಒಂದು ಬಿಲ್ಲೆ.

“ಅದೇನೇ?”

“ವಾಷರ್ರು, ಅತ್ತೆ.”

“ಯಾತರದ್ದು?”

ನಾನು ಕೋಲನ್ನು ಸೆರಗಿನ ಹಿಂದೆ ಸರಿಸಿದೆ. ಅತ್ತೆಯವರಿಗೆ ಅಷ್ಟೇ ಸಾಕಾಯಿತು. ಹಸು ಬದುಕಿರುವ ತನಕ ದೇವರು, ಅದರ ಚರ್ಮ ಮಾತ್ರ ಅಡಿಗೆಮನೆಯ ಹೊಸಿಲು ದಾಟುವಂತಿಲ್ಲ. ಬಿಲ್ಲೆ ಕಿತ್ತು ಹಾಗೇ ಒತ್ತಿ ನೋಡಿದೆ. ಗಂಜಿ ಮುಂದಕ್ಕೆ ಹೋಗುವ ಬದಲು ಕೋಲಿನ ಪಕ್ಕದಿಂದ ಹಿಂದಕ್ಕೆ ಬಂದು ನನ್ನ ಮೊಣಕೈ ತನಕ ಇಳಿಯಿತು. ಹಳೆಯ ಪಂಚೆಯ ಚೂರು ಸುತ್ತಿದರೆ ಮಡಿಚಿಕೊಂಡು ಸಿಕ್ಕಿಬಿತ್ತು. ಡಾಕ್ಟರ ಹತ್ತಿರ ಹೋಗುವ ದಿನ ಹತ್ತಿರ ಬರುತ್ತಿತ್ತು. ಅತ್ತೆಯವರು ಆ ದಿನ ಮಧ್ಯಾಹ್ನ ನನ್ನನ್ನು ಬಯ್ಯಲೂ ಇಲ್ಲ. ಕಣ್ಣು ಮುಚ್ಚಿ ಮಲಗಿದ್ದರು. ಪಕ್ಕದಲ್ಲಿ ಅವರು ಬಿದ್ದ ದಿನದಿಂದ ಮುಟ್ಟದ ಬುಟ್ಟಿ, ಅದರಲ್ಲಿ ದೇವರ ದೀಪಕ್ಕೆಂದು ಅವರೇ ಹೊಸೆದಿಟ್ಟ ಹತ್ತಿಯ ಬತ್ತಿ.

ಬತ್ತಿಯನ್ನು ತುಪ್ಪದಲ್ಲಿ ಅದ್ದಿ, ಕೋಲಿನ ತುದಿಗೆ ಒತ್ತೊತ್ತಾಗಿ ಸುತ್ತಿದೆ. ಸಡಿಲವಾದರೆ ಗಂಜಿ ಹಿಂದಕ್ಕೆ ನುಗ್ಗುತ್ತದೆ, ಬಿಗಿಯಾದರೆ ಕೋಲು ಕಚ್ಚಿಕೊಳ್ಳುತ್ತದೆ. ಬಿಚ್ಚಿ ಸುತ್ತಿ, ಬಿಚ್ಚಿ ಸುತ್ತಿ, ಕೊನೆಗೊಮ್ಮೆ ಬೆಣ್ಣೆಯಲ್ಲಿ ಜಾರಿದ ಹಾಗೆ ಹೋಯಿತು. ಗಂಜಿಯನ್ನು ತೆಳು ಬಟ್ಟೆಯಲ್ಲಿ ಸೋಸಿ, ಆರಿದರೆ ಗಟ್ಟಿಕಟ್ಟುತ್ತದೆಂದು ಉಗುರುಬೆಚ್ಚಗಿರುವಾಗಲೇ ತುಂಬಿಸಿದೆ. ಚಕ್ಕುಲಿ ಒತ್ತುವಾಗ ಅವಸರ ಮಾಡಬಾರದೆಂದು ಅತ್ತೆಯವರೇ ನನಗೆ ಕಲಿಸಿದ್ದು. ಹಾಗೇ ಒತ್ತಿದೆ.

ಯಜಮಾನರು ಬಾಗಿಲಲ್ಲಿ ಒರೆಸುವ ಬಟ್ಟೆ ಹಿಡಿದು ನಿಂತಿದ್ದರು. ಅತ್ತೆಯವರ ಗಂಟಲು ಮೇಲೆ ಹೋಗಿ ಕೆಳಗಿಳಿಯಿತು. ಗದ್ದದ ಮೇಲೆ ಒಂದು ಹನಿಯೂ ಇಲ್ಲ. ಕಣ್ಣು ಬಿಟ್ಟು ನನ್ನನ್ನು ನೋಡಿದರು.

“ಉಪ್ಪು ಸಾಲ್ದು.”

ಈ ಮಾತನ್ನು ಮದುವೆಯಾದಾಗಿನಿಂದ ಕೇಳಿದ್ದೇನೆ. ಕೇಳಿ ಕಣ್ಣಲ್ಲಿ ನೀರು ಬಂದದ್ದು ಅದೇ ಮೊದಲು. ನಿಜ ಹೇಳುವುದಾದರೆ ಎರಡನೆಯ ಸಲ. ಮೊದಲ ಸಲದ ಕಾರಣ ಬೇರೆ.

ಡಾಕ್ಟರು ನೋಡಿ, ನಳಿಕೆಯ ಮಾತೆತ್ತಲಿಲ್ಲ. ಆಮೇಲೆ ತಂತಿಯನ್ನೂ ಬಿಚ್ಚಿದರು. ಬೆಳಿಗ್ಗೆ ಗೇಟಿನ ಹತ್ತಿರ ಮುನಿಯಪ್ಪನಿಗೆ ಹಾಲು ನೀರಾಗಿದೆ ಎಂದು ಅತ್ತೆಯವರು ಹೇಳುವುದು ಈಗ ಮತ್ತೆ ಬೀದಿಯ ಕೊನೆಯ ಮನೆಗೂ ಕೇಳಿಸುತ್ತದೆ. ಪಿಚಕಾರಿ ವಾಪಸು ಕೊಡಲು ಹೋದರೆ ತಡೆದರು. ಅವನಿಗೆ ಹೊಸದೊಂದು ತರಿಸಿಕೊಟ್ಟು, ಇದನ್ನು ಬೆಳಗಿ ದೇವರ ದೀಪಗಳ ಪಕ್ಕ ನಿಲ್ಲಿಸಿದ್ದಾರೆ.

“ಇರ್ಲಿ ಬಿಡೆ. ನಿನಗೂ ವಯಸ್ಸಾಗತ್ತೆ. ಬತ್ತಿ ಸುತ್ತೋದು ಮಾತ್ರ ಸೊಸೆಗೆ ಕಲ್ಸು, ಆಗಿನ ಕಾಲದೋರಿಗೆ ಬರಲ್ಲ.”

ನನ್ನ ಮಗ ಇನ್ನೂ ಚಡ್ಡಿ ಹಾಕಿಕೊಂಡು ಮಿಡ್ಲ್ ಸ್ಕೂಲಿಗೆ ಹೋಗುತ್ತಿದ್ದಾನೆ. ಆ ಹುಡುಗಿ ಎಲ್ಲಿದ್ದಾಳೋ, ಯಾರೋ. ಆದರೂ ದೀಪ ಹಚ್ಚುವಾಗ ಆ ಪಿಚಕಾರಿ ಕಣ್ಣಿಗೆ ಬಿದ್ದರೆ ಅವಳ ಮೇಲೆ ಈಗಿನಿಂದಲೇ ಸ್ವಲ್ಪ ಮರ್ಯಾದೆ ಹುಟ್ಟುತ್ತದೆ. ಬಾಯಿ ಹಿಡಿತದಲ್ಲಿಟ್ಟುಕೊಳ್ಳುವುದನ್ನೂ ಅಭ್ಯಾಸ ಮಾಡುತ್ತಿದ್ದೇನೆ, ಆಗುತ್ತಿಲ್ಲ.

ನಿಮ್ಮ ಮನೆಯಲ್ಲಿ ಇಂಥ ಕಷ್ಟ ಬಂದಾಗ ಗಂಜಿ ಯಾವುದರಿಂದ ಇಳಿಯಿತು, ಯಾರ ಫೋಟೋ ಮೇಲೆ ಬಿತ್ತು, ಒಂದು ಕಾರ್ಡಿನಲ್ಲಿ ಬರೆದು ಹಾಕಿ. ಉಪ್ಪು ಎಷ್ಟೆಂದು ಮಾತ್ರ ಬರೆಯಬೇಡಿ. ಅದನ್ನು ಹೇಳುವವರು ನಮ್ಮ ಮನೆಯಲ್ಲೇ ಇದ್ದಾರೆ.