ಮಾವನ ಮೂಳೆ ಪುರಾಣ

ಜನ ಮುಖ ನೋಡಿ ಮಣೆ ಹಾಕುತ್ತಾರೆ. ನನ್ನ ಸೋದರಮಾವ ಕಿವಿ ನೋಡಿ ಹಾಕುತ್ತಿದ್ದರು! ಹೊರಗೆ ಕಾಣುವ ಕಿವಿಯಲ್ಲ, ಅದರೊಳಗಿನ ಮೂಳೆ. ಸುಡದೆ ಹೂತಿದ್ದರೆ, ಸತ್ತು ಸಾವಿರಾರು ವರ್ಷವಾದರೂ ಮನುಷ್ಯನ ಡಿಎನ್‌ಎ ಆ ಮೂಳೆಯಲ್ಲಿ ಉಳಿದಿರುತ್ತದಂತೆ. ಅದನ್ನು ಓದಿ, ಅವನ ಹಿರಿಯರು ಎಲ್ಲಿಂದ ಬಂದರು, ಯಾರ ಜೊತೆ ಬೆರೆತರು ಎಂದೆಲ್ಲ ಹೇಳಬಹುದಂತೆ. ಹೈಸ್ಕೂಲಿನ ಗಣಿತದ ಮೇಷ್ಟ್ರಾಗಿ ನಿವೃತ್ತರಾಗಿ, ಬಸವೇಶ್ವರನಗರದಲ್ಲಿ ತೆಪ್ಪಗಿದ್ದ ಮಾವನಿಗೆ ಇದೆಲ್ಲ ಯಾಕೆ ಬೇಕಿತ್ತು? ಅಲ್ಲಿಯವರೆಗೆ ಮೂಳೆಗೂ ಅವರಿಗೂ ಇದ್ದ ಸಂಬಂಧ ಸೊಂಟನೋವೊಂದೇ! ಯಾವುದೋ ಭಾನುವಾರದ ಪುರವಣಿಯಲ್ಲಿ ಓದಿದರು, ಅಷ್ಟೇ, ಹುಚ್ಚು ಹಿಡಿಯಿತು.

ನನ್ನ ತಂಗಿಯನ್ನು ನೋಡಲು ಗಂಡಿನ ಕಡೆಯವರು ವಿಜಯನಗರದ ನಮ್ಮ ಮನೆಗೆ ಬಂದಿದ್ದರು. ಉಪ್ಪಿಟ್ಟು, ಕೇಸರಿಬಾತು ಮುಗಿಯಿತು. ಅಷ್ಟು ಹೊತ್ತೂ ಗಂಡಿನ ತಂದೆಯನ್ನೇ ದಿಟ್ಟಿಸುತ್ತಿದ್ದ ಮಾವ, "ಸಾರ್, ನಿಮ್ಮ ಕಿವಿ ಮೂಳೆ ಭದ್ರವಾಗಿರೋ ಹಾಗಿದೆ. ದಯವಿಟ್ಟು ನಿಮ್ಮನ್ನ ಸುಡೋಕೆ ಬಿಡ್ಬೇಡಿ!" ಅಂದುಬಿಟ್ಟರು. ಆ ಸಂಬಂಧಕ್ಕೆ ನಾವು ಅವತ್ತೇ ಎಳ್ಳುನೀರು ಬಿಟ್ಟೆವು.

ತಾತನ ತಿಥಿಯ ದಿನ ಪುರೋಹಿತರು ಗೋತ್ರ ಕೇಳಿದ್ದೇ ತಪ್ಪಾಯಿತು. "ಆ ಋಷಿಗಳದ್ದು ಒಂದೇ ಒಂದು ಮೂಳೆ ಉಳಿಸಿದ್ರೆ, ನಾನು ಅವರ ವಂಶಾನೋ ಅಲ್ವೋ ಗೊತ್ತಾಗ್ತಿತ್ತು ಶಾಸ್ತ್ರಿಗಳೇ. ಸುಟ್ಟು ಸುಟ್ಟು ಚರಿತ್ರೇನೇ ಬೂದಿ ಮಾಡಿದ್ದೀರಿ!" ಎಂದು ಅವರ ಮೇಲೇ ಎಗರಿದರು. ಎದುರುಮನೆಯ ಯಜಮಾನರು ದಾವಣಗೆರೆ ಕಡೆಯವರು, ಸತ್ತವರನ್ನು ಹೂಳುವ ಪದ್ಧತಿಯವರು. ಅವರನ್ನು ಕಂಡರೆ ಮಾವನಿಗೆ ಎಲ್ಲಿಲ್ಲದ ಅಸೂಯೆ. "ಪುಣ್ಯವಂತರು ಕಣೋ! ನನ್ನನ್ನೂ ಸುಡ್ಬೇಡ್ರೋ, ಹೂಳ್ರೋ" ಎಂದು ಗೋಗರೆಯುತ್ತಿದ್ದರು. ಅತ್ತೆ ಅಡುಗೆಮನೆಯಿಂದಲೇ, "ಬದುಕಿದ್ದಾಗ್ಲೇ ನಿಮ್ಮನ್ನ ಯಾರೂ ಕೇಳ್ಲಿಲ್ಲ, ಸತ್ತಮೇಲೆ ಅಗೆದು ಕೇಳ್ತಾರಾ?" ಎನ್ನುತ್ತಿದ್ದರು. ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಆ ನಗು ನೆನೆದರೆ ಈಗ ನಾಚಿಕೆಯಾಗುತ್ತದೆ.

ಹೋದ ವರ್ಷ, ಮಾವನ ಹೃದಯ ಸೋತಿದೆ ಎಂದು ಡಾಕ್ಟರು ಹೇಳಿದ ಮಾರನೆಯ ಬೆಳಿಗ್ಗೆ, "ಬಾರೋ, ಒಂದು ಜಾಗ ತೋರಿಸ್ತೀನಿ" ಎಂದು ನನ್ನನ್ನು ಆಟೋ ಹತ್ತಿಸಿದರು. ಕಾಮಾಕ್ಷಿಪಾಳ್ಯ ದಾಟಿ, ಮಾಗಡಿ ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಹಳೆಯ ಸ್ಮಶಾನ. ಅಲ್ಲಿನ ಹೊಂಗೆಮರದಿಂದ ಹನ್ನೊಂದು ಹೆಜ್ಜೆ ಎಣಿಸಿಕೊಂಡು ಹೋಗಿ ನಿಂತರು. ಬರೀ ಬೋಳು ನೆಲ.

"ನಮ್ಮ ಮಗು ಇಲ್ಲಿದೆ ಕಣೋ. ಮೂರೇ ದಿನ ಬದುಕಿತ್ತು. ಎಳೇ ಮಕ್ಕಳನ್ನ ಸುಡಲ್ವಲ್ಲ. ನಿಮ್ಮತ್ತೆ ಇನ್ನೂ ಆಸ್ಪತ್ರೆಲಿದ್ಲು, ನಾನೇ ಟವೆಲಲ್ಲಿ ಸುತ್ಕೊಂಡು ಬಂದೆ. ಹೆಸರು ಇಟ್ಟಿರ್ಲಿಲ್ಲ, ಒಂದು ಕಲ್ಲು ನೆಡೋಕೂ ಹಿರಿಯರು ಬಿಡ್ಲಿಲ್ಲ. ನಲವತ್ತು ವರ್ಷದಿಂದ ಒಂದೇ ಇದೆ ಇಲ್ಲಿ."

ಮಾವ ಬಗ್ಗಿ, ಅಲ್ಲಿ ಬಿದ್ದಿದ್ದ ಹೊಂಗೆ ಎಲೆಗಳನ್ನು ಆಯ್ದು ಪಕ್ಕಕ್ಕೆ ಹಾಕಿದರು.

"ಪೇಪರಲ್ಲಿ ಓದ್ದೆ. ಹಳೇ ಗೋರಿಗಳಲ್ಲಿ ಅಕ್ಕಪಕ್ಕ ಸಿಕ್ಕಿದ ಮೂಳೆ ಪರೀಕ್ಷೆ ಮಾಡಿ, ಇವನು ಅಪ್ಪ, ಇದು ಇವನ ಮಗು ಅಂತ ಹೇಳ್ತಾರಂತೆ. ಹೆಸರು ಬೇಕಾಗೇ ಇಲ್ವಂತೆ. ನಾನೂ ಇಲ್ಲೇ ಇದ್ರೆ, ಯಾವತ್ತೋ ಒಂದಿನ ಯಾರಿಗೋ ಗೊತ್ತಾಗತ್ತೆ, ಈ ಮಗೂಗೂ ಒಬ್ಬ ಅಪ್ಪ ಇದ್ದ ಅಂತ."

ನಮ್ಮ ಬಿಸಿಲಿಗೆ, ನಮ್ಮ ಮಳೆಗೆ ಡಿಎನ್‌ಎ ಮಣ್ಣಿನಲ್ಲಿ ಉಳಿಯುವುದು ಬಹಳ ಕಷ್ಟ ಎಂದು ಅಷ್ಟರಲ್ಲಿ ನಾನೂ ಓದಿದ್ದೆ. ಹೇಳಲಿಲ್ಲ. ಹೇಳಿ ಏನು ಸಾಧಿಸುವುದಿತ್ತು?

ಈ ಸಲ ಯುಗಾದಿ ಕಳೆದ ವಾರಕ್ಕೆ ಮಾವ ಹೋದರು. ಸುಡದೆ ಸದ್ಗತಿ ಉಂಟೇ ಎಂದು ನೆಂಟರೆಲ್ಲ ಗದ್ದಲ ಎಬ್ಬಿಸಿದರು. ಆ ಬೆಳಿಗ್ಗೆ ಮಾವ ಹೇಳಿದ್ದನ್ನೆಲ್ಲ ನಾನು ಅತ್ತೆಗೆ ಹೇಳಿದೆ. ಅವರು, "ಅಲ್ಲಿಗೇ ಕರ್ಕೊಂಡು ಹೋಗಿ. ನಾನೂ ಬರ್ತೀನಿ" ಎಂದು ಎದ್ದರು. ಹೆಂಗಸರು ಸ್ಮಶಾನಕ್ಕೆ ಬರಬಾರದು ಎಂದವರ ಕಡೆ ತಿರುಗಿಯೂ ನೋಡಲಿಲ್ಲ.

ಮಾವನನ್ನು ಮಣ್ಣು ಮಾಡಿಯಾಯಿತು. ಅತ್ತೆ ಪಕ್ಕದ ಬೋಳು ನೆಲದಲ್ಲಿ ಕುಳಿತು, ಮಲಗಿದ ಮಗುವನ್ನು ತಟ್ಟುವಂತೆ ಆ ಮಣ್ಣನ್ನು ಅಂಗೈಯಿಂದ ಮೆಲ್ಲಗೆ ತಟ್ಟುತ್ತಿದ್ದರು. ಆ ಜಾಗವನ್ನು ಅವರು ನೋಡಿದ್ದು ಅದೇ ಮೊದಲು. ಆಮೇಲೆ ನನ್ನನ್ನು ಹತ್ತಿರ ಕರೆದರು.

"ನನ್ನನ್ನೂ ಸುಡ್ಬೇಡ ಕಣೋ. ಅಪ್ಪ ಸಿಕ್ಕಿದ, ಅಮ್ಮ ಎಲ್ಲಿ ಹೋದ್ಲು ಅಂತ ಆ ಹುಡುಕೋರು ಅಂದ್ಕೋಬಾರ್ದು."